ಮನೆಗೊಂದು ಹಿಡಿ ಪ್ರಾರ್ಥನೆ

ಬೆಳಕು ಇನ್ನೂ ಮಸುಕು. ಬೀಸುವ ಕಲ್ಲಿನ ಮುಂದೆ ಕುಳಿತ ಹಣಮಮ್ಮ ಮೊರದಲ್ಲಿನ ಜೋಳದಿಂದ ಮೊದಲು ಒಂದು ಹಿಡಿ ತೆಗೆದು ಪಕ್ಕದ ಗಡಿಗೆಗೆ ಹಾಕುತ್ತಾರೆ. ಆಮೇಲೆಯೇ ಕಲ್ಲು ತಿರುಗುತ್ತದೆ. ಗಡಿಗೆಯ ಜೋಳ ಪಾಸ್ಟರರದು. ಕಾಗಿಣಾ ದಂಡೆಯ ಈ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಹದಿನೇಳು. ಎಲ್ಲ ಮನೆಗಳಲ್ಲೂ ಈ ಹೊತ್ತಿಗೆ ಒಂದೊಂದು ಹಿಡಿ ಗಡಿಗೆಗೆ ಬೀಳುತ್ತದೆ. ತಿಂಗಳಿಗೊಮ್ಮೆ ಪಾಸ್ಟರರು ಸೇಡಮ್ಮಿನಿಂದ ಬಂದಾಗ ಎಲ್ಲರ ಜೋಳವೂ ಒಂದೇ ಚೀಲ ಸೇರುತ್ತದೆ.

"ಒಂದ ಮನಿಯವ್ರು ಚೀಲ ತುಂಬ ಕೊಟ್ರೂ ಪಾಸ್ಟರ್ ಸಾಬ್ರ ಹೊಟ್ಟಿ ತುಂಬ್ತದ, ಇಲ್ಲನ್ನಂಗಿಲ್ಲ. ಆದ್ರ ಅವ್ರು ಆ ಮನಿ ಪಾಸ್ಟರ್ ಆಗ್ತಾರ. ಎಲ್ಲಾರ್ದೂ ಹಿಡಿ ಬೀಳಬೇಕ್ರಿ," ಎನ್ನುತ್ತಾರೆ ಹಣಮಮ್ಮ, ಕಲ್ಲು ತಿರುವುತ್ತಲೇ.

ಹೊತ್ತು ಏರುವಷ್ಟರಲ್ಲಿ ಅವರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿದ್ದಾರೆ. ಗಂಡಸರು ಹಾರೆ ಹಾಕಿ ಚಪ್ಪಡಿ ಎಬ್ಬಿಸುತ್ತಾರೆ. ಒಡೆದ ಚೂರನ್ನು ಬುಟ್ಟಿಗೆ ತುಂಬಿ ಮೇಲಕ್ಕೆ ಹೊರುವುದು ಹೆಂಗಸರ ಕೆಲಸ. ಈ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅವರ ಗಂಡ ತೀರಿಕೊಂಡರು. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಕಂಕುಳಲ್ಲಿ ಹೆಣ್ಣುಕೂಸು. ಮಣ್ಣು ಮಾಡಿ ಬಂದ ವಾರವೇ ಹಣಮಮ್ಮ ಅದೇ ಗಣಿಗೆ ಬುಟ್ಟಿ ಹಿಡಿದು ಇಳಿದರು. ಈಗ ವಯಸ್ಸು ಐವತ್ತರ ಹತ್ತಿರ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಕರುಣಮ್ಮ. ಆ ಹೆಸರಿನಿಂದ ಯಾರಾದರೂ ಕರೆದರೆ, ಯಾರನ್ನು ಕರೆದರೋ ಎಂದು ಅವರೇ ಹಿಂದೆ ತಿರುಗಿ ನೋಡುತ್ತಾರೆ.

ಅವರಿಗೆ ಓದು ಬಾರದು. ಆದರೆ ಕೀರ್ತನೆಗಳೆಲ್ಲ ಬಾಯಿಪಾಠ, ಪ್ರಾರ್ಥನೆಗೆ ನಿಂತರೆ ಮಾತು ತಡೆಯದು. ತೊಂದರೆ ಬಂದದ್ದೇ ಅಲ್ಲಿ. ಪಾಸ್ಟರರ ಮೇಲೆ ಹದಿನಾಲ್ಕು ಹಳ್ಳಿಗಳ ಭಾರ. ಅವರು ಬಾರದ ಐತವಾರಗಳಲ್ಲಿ ಪ್ರಾರ್ಥನೆಯ ಮನೆ ಗುಡಿಸಿ ಬಾಗಿಲು ತೆರೆಯುವುದು, ಹಾಡು ಎತ್ತುವುದು, ಜ್ವರ ಬಂದವರ ತಲೆಯ ಮೇಲೆ ಕೈಯಿಟ್ಟು ಬೇಡುವುದು, ಎಲ್ಲವೂ ಹಣಮಮ್ಮನ ಪಾಲಿಗೆ ಬಂತು. ಉಳಿದವರು ನೆಮ್ಮದಿಯಿಂದ ಕೈಕಟ್ಟಿ ಕುಳಿತರು. ಎರಡು ವರ್ಷದ ಹಿಂದೆ ಅವರೇ ವಿಷಮಜ್ವರದಲ್ಲಿ ಮಲಗಿದಾಗ ಬಾಗಿಲಿನ ಬೀಗ ಹಾಗೆಯೇ ಉಳಿಯಿತು. ಹದಿನೇಳು ಮನೆಗಳಲ್ಲಿ ಒಂದು ಕೈಯೂ ಅದನ್ನು ತೆಗೆಯಲಿಲ್ಲ.

ಸುದ್ದಿ ಸೇಡಮ್ಮಿಗೆ ಮುಟ್ಟಿತು. ಅಲ್ಲಿನ ಸಭೆಯ ಹಿರಿಯರು ಬಂದು ಹೇಳಿದರು: ತನ್ನಷ್ಟಕ್ಕೆ ನಡೆಯಲಾರದ ಸಭೆಯನ್ನು ಮುಚ್ಚಿ ಸೇಡಮ್ಮಿನ ಸಭೆಗೆ ಸೇರಿಸುವುದು ಲೇಸು, ಎರಡು ಸುಗ್ಗಿ ನೋಡುತ್ತೇವೆ. ಸೇಡಂ ಇರುವುದು ಹೊಳೆಯ ಆಚೆ. ಹೊಳೆ ತುಂಬಿದರೆ ದಾಟುವಂತಿಲ್ಲ, ಇಳಿದರೂ ಮುದುಕರು ಅಷ್ಟು ದೂರ ನಡೆಯಲಾರರು.

"ಹಿರ್ಯಾರ ಮಾತಿಗಿ ಸಿಟ್ಟು ಬರ್ಲಿಲ್ರಿ. ಖರೇನೇ ಅಂದಿದ್ರು," ಎನ್ನುತ್ತಾರೆ ಹಣಮಮ್ಮ. "ನಾ ಒಬ್ಬಾಕೀನೇ ಚೀಲ ಕೊಡ್ಲಿಕತ್ತಿದ್ದೆ. ಉಳಿದವ್ರ ಗಡಿಗಿ ಖಾಲಿ ಇತ್ತು."

ಅಂದಿನಿಂದ ಜೋಳದ ರೂಢಿಯನ್ನೇ ಅವರು ದೇವರ ಕೆಲಸಕ್ಕೂ ತಂದರು. ಮನೆಗೊಂದು ಪಾಲು, ಎಷ್ಟು ಚಿಕ್ಕದಾದರೂ ಸರಿ. ಮೊಹರಂ ಪದ ಹಾಡಿ ಹೆಸರಾದ ಸೂಗಪ್ಪನಿಗೆ ಕೀರ್ತನೆ ಎತ್ತುವ ಪಾಲು. ಮೂರನೆಯ ಇಯತ್ತೆ ಓದಿದ ಸೂಗಪ್ಪನ ಸೊಸೆಗೆ ಬೈಬಲಿನ ವೇದಪಾಠ ಓದುವ ಪಾಲು. ಮಾತು ಬಾರದವರಿಗೆ, ಸತ್ತವರ ಮನೆಗೆ ಹೋಗಿ ಅಳುವವರ ಪಕ್ಕದಲ್ಲಿ ಸುಮ್ಮನೆ ಕೂರುವ ಪಾಲು. ಎಲ್ಲಕ್ಕಿಂತ ಭಾರದ ಕೆಲಸ ಅದೇ ಎನ್ನುತ್ತಾರೆ ಹಣಮಮ್ಮ. ಮನೆಯಲ್ಲಿ ಸಾವು ಕಂಡವರಿಗೆ ಆ ಮಾತಿನ ನಿಜ ಗೊತ್ತು.

ಪಕ್ಕದ ಮನೆಯ ಖುರ್ಷಿದಬೇಗಂ ಹಣಮಮ್ಮನನ್ನು ಚುಚ್ಚದೆ ಬಿಡುವುದಿಲ್ಲ. "ಎಲ್ಲಾರಿಗೂ ಕೆಲ್ಸ ಹಚ್ಚಿದಿ ಹಣಮವ್ವ. ಇನ್ನ ನಿಮ್ಮ ದೇವ್ರ ತಲಿ ಮ್ಯಾಲೊಂದು ಬುಟ್ಟಿ ಹೊರ್ಸೋದು ಬಾಕಿ ಅದ ನೋಡು!"

"ಆತನೂ ಹೊತ್ತಾನ ತಂಗಿ. ನನ್ನ ಬುಟ್ಟಿಗಿಂತ ಭಾರದ್ದು."

ಪ್ರಾರ್ಥನೆಯ ಪಾಲು ಬಿದ್ದದ್ದು ಲಾಲಪ್ಪನಿಗೆ. ಗಣಿಯಲ್ಲಿ ಅವನಷ್ಟು ಗಟ್ಟಿಯಾಳು ಇಲ್ಲ. ಆದರೆ ನಾಲ್ಕು ಜನರ ಮುಂದೆ ನಿಂತರೆ ಬೆವರುತ್ತಾನೆ.

"ಅತ್ತಿ, ಇಬ್ರು ಎತ್ತೋ ಚಪ್ಪಡಿ ಹೇಳು, ಒಬ್ಬನ ಎತ್ತತೀನಿ. ಇದೊಂದು ಬ್ಯಾಡ."

"ಚಪ್ಪಡಿ ಎಳಿಲಿಕ್ಕಿ ಎತ್ತು ಇದ್ರೂ ನಡೀತದ ಲಾಲ್ಯಾ. ನಿನಗ ಬಾಯಿ ಕೊಟ್ಟಾನ."

ಕಳೆದ ಶ್ರಾವಣದಲ್ಲಿ ಭಾಗಮ್ಮ ತೀರಿಕೊಂಡರು. ಗಣಿಗೆ ಬಂದ ದಿಕ್ಕಿಲ್ಲದವರಿಗೆಲ್ಲ ರೊಟ್ಟಿ ಬಡಿದು ಹಾಕಿದ ಮುದುಕಿ. ಹೊಳೆ ದಡ ಮೀರಿತ್ತು. ಪಾಸ್ಟರರು ಆಚೆ ದಂಡೆಯವರೆಗೆ ಬಂದು, ನಿಂತಲ್ಲಿಂದಲೇ ಕೈಯೆತ್ತಿ ಹರಸಿ ಹಿಂದಿರುಗಿದರು. ಕುಣಿಯ ಸುತ್ತ ನಿಂತವರೆಲ್ಲ ಹಣಮಮ್ಮನ ಮುಖ ನೋಡಿದರು. ಹಣಮಮ್ಮ ಲಾಲಪ್ಪನ ಮುಖ ನೋಡಿದರು.

ಲಾಲಪ್ಪ ಕಣ್ಣು ಮುಚ್ಚಿದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅವನಿಗೆ ಗೊತ್ತಿದ್ದ ಒಂದೇ ಪ್ರಾರ್ಥನೆ, ಮನೆಯಲ್ಲಿ ಊಟಕ್ಕೆ ಮುಂಚೆ ಹೇಳುವುದು: "ತಂದೆಯೇ, ನೀ ಕೊಟ್ಟ ಈ ಊಟಕ್ಕಾಗಿ ಸ್ತೋತ್ರ. ಇದನ್ನು ಮಾಡಿದ ಕೈಗಳನ್ನು ಆಶೀರ್ವದಿಸು…"

ಯಾರೋ ಕಿಸಕ್ಕೆಂದರು. ಲಾಲಪ್ಪನಿಗೆ ತಾನು ಏನು ಹೇಳಿದೆನೆಂಬುದು ಆಗ ಹೊಳೆಯಿತು.

"ಆಮೆನ್!" ಎಂದರು ಹಣಮಮ್ಮ ಗಟ್ಟಿಯಾಗಿ. "ನಗ್ತೀರೇನು? ಈಕಿ ಕೈಯಾಗಿನ ರೊಟ್ಟಿ ತಿನ್ನದವ್ರು ಇಲ್ಲಿ ಯಾರ್ ಅದೀರಿ, ಮುಂದ ಬರ್ರಿ. ನೀ ಹೇಳೋ ಲಾಲ್ಯಾ."

ಯಾರೂ ಮುಂದೆ ಬರಲಿಲ್ಲ. ಲಾಲಪ್ಪ ಮತ್ತೆ ಶುರು ಮಾಡಿದ. ಗಣಿಗೆ ಬಂದ ಮೊದಲ ದಿನ ಆಕೆ ಕೊಟ್ಟ ರೊಟ್ಟಿಯನ್ನೂ, ಅದರ ಮೇಲಿನ ಪುಂಡಿಪಲ್ಯವನ್ನೂ ಅವನು ಒಂದೊಂದಾಗಿ ದೇವರಿಗೆ ನೆನಪಿಸಿದ. ನಕ್ಕವರೇ ಮೊದಲು ಅತ್ತರು.

ಆದರೂ ಹಣಮಮ್ಮನ ಎದೆಯ ಅಳುಕು ಹೋಗಲಿಲ್ಲ. ಅಂದು ತಾವು ಎದುರಿಗೆ ನಿಂತಿದ್ದರು. ತಾವಿಲ್ಲದ ದಿನ? ಹಿರಿಯರು ಹೇಳಿದ ಎರಡನೆಯ ಸುಗ್ಗಿ ಹತ್ತಿರ ಬರುತ್ತಿತ್ತು. ಪುಷ್ಯಮಾಸದಲ್ಲಿ ವಾಡಿಯಿಂದ ಕರೆ ಬಂತು, ಮಗಳ ಬಾಣಂತನಕ್ಕೆ. ಪ್ರಾರ್ಥನೆಯ ಮನೆಯ ಬೀಗದ ಕೈಯನ್ನು ಲಾಲಪ್ಪನಿಗೆ ಕೊಟ್ಟು ಬಸ್ ಹತ್ತಿದರು.

"ವಾಡಿಯಾಗ ಎರಡು ಐತ್ವಾರ ಕಳದೆ. ಹೊರಗ ರೈಲಿನ ಇಂಜಿನ್ ಕೂಗ್ಲಿಕತ್ತಿದ್ವು, ಒಳಗ ಕೂಸು ಕೂಗ್ಲಿಕತ್ತಿತ್ತು. ನನ್ನ ಕಿವಿ ಮಾತ್ರ ಊರಾಗ ಇತ್ತು," ಎನ್ನುತ್ತಾರೆ. "ಮಗಳು ಅಂದ್ಳು, ಅವ್ವಾ, ಕೂಸಿಗಿ ನೀರು ಹಾಕ್ಲಿಕತ್ತೀಯೋ, ನೆಲಕ್ಕ ಹಾಕ್ಲಿಕತ್ತೀಯೋ ಅಂತ."

ಅದು ಅವರು ಮರಳಿ ಬಂದ ದಿನ. ಬಸ್ ಇಳಿದವರು ಮನೆಗೆ ಹೋಗದೆ, ಕಂಕುಳಲ್ಲಿನ ಗಂಟಿನ ಸಮೇತ ನೇರವಾಗಿ ಗಣಿಗೆ ಬರುತ್ತಾರೆ. ಲಾಲಪ್ಪ ಚಪ್ಪಡಿಯ ಸಂದಿಗೆ ಹಾರೆ ಹಾಕಿ ನಿಂತಿದ್ದಾನೆ. ಈ ಸಲದ ಕಲ್ಲು ಬಿರುಸು ಎನ್ನುತ್ತಾನೆ. ಹಾರೆಯ ಮೊನೆ ಮುರಿದದ್ದನ್ನು ಹೇಳುತ್ತಾನೆ. ಸೂಗಪ್ಪನ ಎಮ್ಮೆ ಈದದ್ದನ್ನು ಹೇಳುತ್ತಾನೆ. ಹಣಮಮ್ಮ ಎಲ್ಲಕ್ಕೂ ಹೂಂ ಎನ್ನುತ್ತಾರೆ. ಕೊನೆಗೆ ತಡೆಯಲಾಗುವುದಿಲ್ಲ.

"ಐತ್ವಾರದ್ದು ಏನೋ?"

"ಯಾವ ಐತ್ವಾರ?"

"ಎರಡೂ."

"ಆದ್ವು," ಎನ್ನುತ್ತಾನೆ ಲಾಲಪ್ಪ, ಹಾರೆಯಿಂದ ಕೈ ತೆಗೆಯದೆ. "ಹಿರ್ಯಾರು ಬಂದಿದ್ರು ಒಂದಿನ. ಹಿಂದ ಕುಂತು ಹಾಡಿದ್ರು. ಮುಚ್ಚೋ ಮಾತು ಎತ್ತಲಿಲ್ಲ, ಉಂಡು ಹೋದ್ರು. ಅದನ್ನೇನ್ ಕೇಳ್ತಿ ಅತ್ತಿ? ಕೂಸು ಯಾರ ಹಂಗ ಅದ, ಅದು ಹೇಳು."

ಹಣಮಮ್ಮ ಗಂಟು ಕೆಳಗಿಟ್ಟು ಕಲ್ಲಿನ ಮೇಲೆ ಕೂರುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಮೇಲೆ, ಗಣಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಗುತ್ತಾರೆ.

"ಮೂಗು ಅವ್ರಪ್ಪಂದು," ಎನ್ನುತ್ತಾರೆ. "ಗಂಟಲ ನಂದು. ಅತ್ರ ಓಣಿಗೆಲ್ಲಾ ಕೇಳ್ತದ!"