ವಿಭೂತಿಯಿಂದ ಕೆಟ್ಟ ಕ್ಯಾಮೆರಾ

ಚರ್ಚಾಸ್ಪರ್ಧೆಯಲ್ಲಿ ಒಂದು ಉಪಾಯವಿದೆ. ಎದುರಿನವರಿಗೆ ಗೊತ್ತಿರಲಾರದು ಅನ್ನಿಸಿದ ಸಂಗತಿಯನ್ನು ನಮಗೆ ಚೆನ್ನಾಗಿ ಗೊತ್ತಿರುವಂತೆ ಹೇಳಬೇಕು, ಹೇಳಿ ತಡವರಿಸದೆ ಮುಂದಿನ ಮಾತಿಗೆ ಹೋಗಬೇಕು. ಯಾದಗಿರಿಯ ಕಾಲೇಜಿನಲ್ಲಿದ್ದ ಮೂರು ವರ್ಷವೂ ನಾನು ಇದರಿಂದಲೇ ಢಾಲು ಗೆದ್ದೆ. ಸ್ಪರ್ಧೆಯ ಹೊರಗೆ ಇದನ್ನು ಬಳಸಿದ್ದು ಒಮ್ಮೆ, ಎರಡು ವರ್ಷದ ಹಿಂದಿನ ಆಯುಧ ಪೂಜೆಯ ದಿನ, ಶಹಾಪುರದಲ್ಲಿ, ನನ್ನ ಸೋದರಮಾವನ ಮನೆಯಲ್ಲಿ.

ಮಾಮಾ ಮೊದಲು ಫೋಟೋ ಸ್ಟುಡಿಯೋ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅದು ಝೆರಾಕ್ಸ್ ಅಂಗಡಿಯಾಯಿತು. ಅವರ ರೀಲಿನ ಕ್ಯಾಮೆರಾ ಮಾತ್ರ ಪಡಸಾಲೆಯ ಗೋಡೆಯ ಮಾಡದಲ್ಲಿ ಕುಳಿತಿತ್ತು. ಒಂದರ ಮೇಲೊಂದು ಎರಡು ಲೆನ್ಸು, ಎದೆಯ ಮುಂದೆ ಹಿಡಿದು ತಲೆ ಬಗ್ಗಿಸಿ ಮೇಲಿನಿಂದ ನೋಡುವಂಥದ್ದು. ಅದರ ಶಟರ್ ತೆರೆದುಕೊಳ್ಳದೆ ಎಷ್ಟೋ ವರ್ಷವಾಗಿತ್ತು. ಆದರೂ ಮಹಾನವಮಿಗೆ ಝೆರಾಕ್ಸ್ ಮಷಿನ್ನಿಗಿಂತ ಮೊದಲು ಅದಕ್ಕೇ ವಿಭೂತಿ, ಅದಕ್ಕೇ ಚೆಂಡುಹೂವು.

ಅವತ್ತು ಮಾಮಾನ ಹೊಸ ಬೀಗರು, ಮಗಳ ಗಂಡನ ಮನೆಯವರು, ಊಟಕ್ಕೆ ಬಂದಿದ್ದರು. ಅಳಿಯ ಕ್ಯಾಮೆರಾ ನೋಡಿ, "ಇದು ನಡೀತದೇನ್ರಿ ಮಾಮಾ?" ಎಂದು ಕೇಳಿದ. ಉತ್ತರ ಕೊಟ್ಟವಳು ನಾನು.

"ನಡಿಯೋದಿಲ್ರಿ. ಯಾಕ ಅಂತ ಕೇಳ್ರಿ. ಒಂದು, ಕೆಲಸ ಮಾಡಲಾರದ ಆಯುಧಕ್ಕ ಆಯುಧ ಪೂಜಿ ಮಾಡೋದ ಅರ್ಥ ಇಲ್ಲದ್ದು. ಎರಡು, ಅದು ಕೆಟ್ಟದ್ದ ಪೂಜಿಯಿಂದ. ವರ್ಷಾ ವರ್ಷಾ ಹಚ್ಚಿದ ವಿಭೂತಿ ಒಳಗ ಇಳದು ಶಟರ್ ಹಿಡಕೊಂಡದ. ಮೂರು, ಭಕ್ತನ ಕೈಲೆ ಸತ್ತಾನ ದೇವರು, ಭಕ್ತಗ ಇನ್ನೂ ಸುದ್ದಿ ಮುಟ್ಟಿಲ್ಲ."

ಬೀಗರು ಬಿದ್ದು ಬಿದ್ದು ನಕ್ಕರು. "ಬಾಯಲ್ಲವ್ವ ಇದು, ಕತ್ತರಿ," ಎಂದರು ಅತ್ತಿ. ಮಾಮಾನೂ ನಕ್ಕು, "ನಮ್ಮ ಹುಡುಗಿ ವಕೀಲಿಕಿ ಮಾಡ್ತಾಳ ನೋಡ್ರಿ," ಎನ್ನುತ್ತ ತುಪ್ಪದ ಗಿಂಡಿ ಹಿಡಿದು ಎದ್ದರು.

ಎರಡು ವಾರದ ಮೇಲೆ ಅತ್ತಿಯ ಫೋನು ಬಂತು. "ನಿಮ್ಮ ಮಾಮಾ ಕ್ಯಾಮೆರಾ ಗುಜರಿಯವಗ ಕೊಟ್ಟಾರ. ಈಗ ಸಮಾಧಾನ ಆತೇನು?"

"ಛಲೋ ಆತ ಬಿಡ್ರಿ ಅತ್ತಿ, ಧೂಳಾದ್ರೂ ಕಡಿಮಿ ಆತು," ಎಂದೆ. ಆಗ ನನಗೆ ನಿಜಕ್ಕೂ ಗೆದ್ದೆ ಅನ್ನಿಸಿತ್ತು.

ಆ ಗೆಲುವು ಬಹಳ ದಿನ ಉಳಿಯಲಿಲ್ಲ. ಮುಂದಿನ ಸಲ ಹೋದಾಗ ಮಾಮಾ ಯಾವುದೋ ಹಳೆಯ ಫೋಟೋ ತೋರಿಸಿ, ಅದರಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಹೇಳುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿ, "ತಪ್ಪಿದ್ರ ಹೇಳವ್ವ," ಎಂದರು. ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ನಾನು ತಿರುಗಿ ಮಾತಾಡುತ್ತಿದ್ದೆ. ಇರಲಿಲ್ಲ. ಮೂವತ್ತು ವರ್ಷ ಫೋಟೋ ತೆಗೆದವರು, ಫೋಟೋದ ಬಗ್ಗೆ ಮಾತಾಡಲು ನನ್ನ ಒಪ್ಪಿಗೆ ಕೇಳುತ್ತಿದ್ದರು.

ಅಂಥದೇ ಇನ್ನೊಂದು ಕ್ಯಾಮೆರಾ ತಂದು ಕೊಡಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಯಾದಗಿರಿಯಲ್ಲಿ ಸಿಗಲಿಲ್ಲ. ಸುರಪುರದಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಇದೆ ಎಂದು ಯಾರೋ ಹೇಳಿದರು. ಅಲ್ಲಿಗೆ ಹೋಗುವ ಬಸ್ಸು ಶಹಾಪುರದ ಮೇಲೆಯೇ ಹಾಯಬೇಕು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟು ಹೊತ್ತು, ಮಾಮಾ ಎಲ್ಲಿ ಕಂಡಾರೋ ಎಂದು ಓಢಣಿ ಮುಖಕ್ಕೆ ಎಳೆದುಕೊಂಡು ಕುಳಿತಿದ್ದೆ.

ಹಿರಿಯರ ಬಳಿ ಇದ್ದುದರ ಶಟರ್ ಕೂಡ ಹಿಡಿದುಕೊಂಡಿತ್ತು. "ಇದು ಬಂದ್ ಅದ ಬೇಟಿ. ತೊಳದು ಕೊಡ್ತೀನಿ, ಕೂಡು," ಎಂದು ಸ್ಟೂಲು ತೋರಿಸಿದರು. ಮುಂದಿನ ಗಾಜಿನ ಉಂಗುರ ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ, ಗಡಿಯಾರ ತೊಳೆಯುವ ಪೆಟ್ರೋಲಿನಲ್ಲಿ ಅದ್ದಿ, ಹೂವಿನ ದಳದಂತೆ ಒಂದರ ಮೇಲೊಂದು ಕೂತ ತೆಳು ತಗಡುಗಳನ್ನು ಒರೆಸತೊಡಗಿದರು. ಹತ್ತಿ ಕಂದುಬಣ್ಣಕ್ಕೆ ತಿರುಗಿತು.

"ಇದಕ್ಕೂ ವಿಭೂತಿ ಹಚ್ಚಿದ್ರೇನ್ರಿ ಚಾಚಾ?"

"ನಮ್ಮ ಮನ್ಯಾಗ ವಿಭೂತಿ ಎಲ್ಲಿಂದ ಬರಬೇಕು?" ಎಂದು ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಹಂಗಲ್ರಿ. ಬೂದಿ ಒಳಗ ಹೋಗಿ ಶಟರ್ ಹಿಡಕೊಳ್ತದ ಅಂತಾರಲ್ಲ."

"ಮುಂದ ಗಾಜು, ಹಿಂದ ಗಾಜು, ನಡುವ ಇದು. ಬೂದಿ ಹೊರಗ ಕೂಡ್ತದ, ಅರಬಿಲೆ ಒರಸಿದ್ರ ಹೋತು. ಹಿಡಕೊಳ್ಳೋದು ಎಣ್ಣಿ. ಸ್ವಲ್ಪ ಬಿಗಿ ಆದ್ರ ಸಾಕು, ಮನ್ಯಾಗ ಹೊಲಿಗಿ ಮಷಿನ್ ಎಣ್ಣಿ ಇರ್ತದ, ಒಂದು ಹನಿ ಬಿಡ್ತಾರ. ನಾಕು ದಿನ ಮಸ್ತ್ ನಡೀತದ, ಆಮ್ಯಾಲ ಅಂಟಾಗ್ತದ. ಈ ಕಡಿ ಸ್ಟುಡಿಯೋದವರದು ಅಂಥಾವು ಎಷ್ಟು ತೊಳದೀನೋ. ಬೂದಿ ಅಂತ ನಿನಗ ಹೇಳಿದವರು ಯಾರು?"

"ಒಬ್ರು ಹೇಳಿದ್ರು."

"ಅವರಿಗೆ ಕ್ಯಾಮೆರಾ ಗೊತ್ತಿಲ್ಲ."

"ಇಲ್ರಿ," ಎಂದೆ.

ಅವರು ತೊಳೆದು ಮುಗಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮಾಮಾನ ಕ್ಯಾಮೆರಾಕ್ಕೂ ಅಷ್ಟೇ ಸಾಕಾಗುತ್ತಿತ್ತು. ಅದು ಸತ್ತಿರಲಿಲ್ಲ. ಸತ್ತಿದೆ ಎಂದು ನಾನು ಹೇಳಿದೆ, ಕಾರಣವನ್ನೂ ಅಲ್ಲೇ ಕಟ್ಟಿಕೊಟ್ಟೆ, ಅದು ಗುಜರಿಗೆ ಹೋಯಿತು.

ಹೈದರಾಬಾದಿನಿಂದ ರೀಲು ತರಿಸಿ, ಒಂದು ಭಾನುವಾರ ಎರಡನ್ನೂ ಶಹಾಪುರಕ್ಕೆ ಒಯ್ದೆ. ಮಾಮಾ ಡಬ್ಬಿ ತೆರೆದು ಕ್ಯಾಮೆರಾ ಹೊರತೆಗೆದರು. ಆಮೇಲೆ ಎದೆಗೆ ಹಿಡಿದು ತಲೆ ಬಗ್ಗಿಸಿದರು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಗುಂಡಿಗಳನ್ನು ಹುಡುಕಿಕೊಂಡವು. ಶಟರ್ ಟಿಕ್ ಎಂದಿತು.

"ಮಾಮಾ, ಆ ವಿಭೂತಿ ಮಾತು ಸುಳ್ಳು," ಎಂದೆ. "ನನಗ ಗೊತ್ತಿರಲಿಲ್ಲ, ಸುಮ್ನ ಹೇಳಿದೆ. ನಿಮ್ಮದಕ್ಕೂ ಎಣ್ಣಿನ ಹಿಡದಿರಬೇಕು."

"ಗೊತ್ತದ. ಎಣ್ಣಿ ಬಿಟ್ಟವ ನಾನ. ನಿಮ್ಮತ್ತಿ ಹೊಲಿಗಿ ಮಷಿನ್ ಎಣ್ಣಿ."

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ಬೀಗರ ಮುಂದ ನಿನ್ನ ಮಾತು ಕೆಡವಲೇನು? ಹುಡುಗಿ ಶಾಣ್ಯಾಕಿ ಅದಾಳ ಅಂತ ತಲಿ ಆಡಸಾಕತ್ತಿದ್ರು ಅವರು."

"ಗುಜರಿಗೆ ಯಾಕ ಕೊಟ್ರಿ?"

ಅವರು ಲೆನ್ಸಿನ ಮೇಲಿನ ಮುಚ್ಚಳ ಹಾಕಿದರು. "ನೀ ಹಂಗ ಅಂದ ಮ್ಯಾಲ ಅದಕ್ಕ ಕೈ ಮುಗಿಯಾಕ ನಾಚಿಕಿ ಬಂತವ್ವ."

ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಅತ್ತಿ ಮೊರದಿಂದ ತಲೆ ಎತ್ತಲಿಲ್ಲ. "ಮಂದಿ ಮುಂದ ಅನ್ನೋದು, ತಪ್ಪಾತಂತ ಒಳಗ ಬಂದು ಹೇಳೋದು. ಭಾಳ ಛಲೋ ಅದ ನಿನ್ನ ನ್ಯಾಯ," ಎಂದರು.

ಯುಗಾದಿಗೆ ಬೀಗರು ಬರುವವರಿದ್ದರು. ಅವರ ಮುಂದೆಯೇ ಹೇಳುತ್ತೇನೆ ಎಂದು ಅತ್ತಿಗೆ ಮಾತು ಕೊಟ್ಟು ಬಂದೆ.

ಯುಗಾದಿಯ ದಿನ ಊಟವಾದ ಮೇಲೆ ಎಲ್ಲರೂ ಅಂಗಳದಲ್ಲಿದ್ದರು. ಹೇಳಬೇಕಾದ್ದನ್ನು ಒಂದೇ ವಾಕ್ಯಕ್ಕೆ ಇಳಿಸಿಕೊಂಡು ಬಂದಿದ್ದೆ. "ಹೋದ ಸಲ ದಸರಾಕ್ಕ ನಾ ಕ್ಯಾಮೆರಾದ ಬಗ್ಗೆ ಒಂದು ಮಾತು ಅಂದಿದ್ದೆ," ಎಂದು ಶುರು ಮಾಡಿದೆ.

"ಏ, ಆಮ್ಯಾಲ ಮಾತಾಡುವಂತಿ, ಬಿಸಲು ಇಳಿಯಾಕತ್ತದ," ಎಂದು ಮಾಮಾ ಎದ್ದರು. "ಬರ್ರಿ ಬೀಗರ, ಎಲ್ಲಾರೂ ಗ್ವಾಡಿಗೆ ನಿಂದರ್ರಿ. ಹೊಸಾ ಕ್ಯಾಮೆರಾ ಬಂದದ. ಇದನ್ನ ತಂದಾಕಿ ಇಕಿನ ನೋಡ್ರಿ." ನನ್ನ ತೋಳು ಹಿಡಿದು ನಡುವೆ ನಿಲ್ಲಿಸಿದರು. ಬೀಗರ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ, ಇಂಥ ಸೋದರಸೊಸಿ ಸಿಗಬೇಕು ನೋಡ್ರಿ ಎಂದು ನನ್ನನ್ನು ಹೊಗಳಿದರು.

ತುಂಬಿದ ಸಭೆಯಲ್ಲಿ ಮಾತು ಕತ್ತರಿಸಿದವರನ್ನು ದಾಟಿ ಮಾತಾಡಿದ ಬಾಯಿ ನನ್ನದು. ಅವತ್ತು ಮುಚ್ಚಿಕೊಂಡಿತ್ತು. ಮಾಮಾ ಎರಡನೆಯ ಸಲ ನನ್ನನ್ನು ಉಳಿಸುತ್ತಿದ್ದಾರೆ ಎಂದು ಗೊತ್ತಿತ್ತು, ಮತ್ತು ನನಗೆ ಹಾಯೆನಿಸಿತ್ತು. ಅತ್ತಿ ಸಾಲಿನ ಆ ತುದಿಯಿಂದ ಒಮ್ಮೆ ನನ್ನ ಕಡೆ ನೋಡಿ, ಕ್ಯಾಮೆರಾದ ಕಡೆ ತಿರುಗಿಕೊಂಡರು.

ಸಂಜೆ ಬೀಗರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ನಾನೂ ಹೋದೆ. ಹೇಳಲು ಇನ್ನೂ ಅಷ್ಟು ದೂರದ ದಾರಿಯಿತ್ತು. ಅಳಿಯ ತನ್ನ ತಾಯಿಗೆ ಹೇಳುತ್ತಿದ್ದ: "ಹಳೇದು ವಿಭೂತಿಲೆ ಕೆಟ್ಟಿತ್ತವ್ವ. ಇದಕ್ಕಾದ್ರೂ ಹಚ್ಚಬ್ಯಾಡ್ರಿ ಅಂತ ಮಾಮಾಗ ಹೇಳಬೇಕಿತ್ತು, ಮರತೆ." ನಾನು ಅವರ ಪಕ್ಕದಲ್ಲೇ, ಅವರ ಒಂದು ಚೀಲ ಹಿಡಿದುಕೊಂಡು ನಡೆಯುತ್ತಿದ್ದೆ.