ಫುಗಡಿಗೆ ಮುಂಭಾಗವಿಲ್ಲ

ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸಿನ ಗಾಲಿ ಮಹಾಗಾಂವ ಕ್ರಾಸಿನಲ್ಲಿ ಪಂಕ್ಚರ್ ಆಗಬಹುದಿತ್ತು. ಆಗದಿದ್ದರೂ, ಬಸ್ಸಿನಲ್ಲಿ ಸೀಟು ಸಿಗದೆ ನನ್ನ ಹೆಂಡತಿಯ ಅಕ್ಕ ಶರಣಮ್ಮನವರು ಅಷ್ಟು ದೂರ ನಿಂತೇ ಬಂದು, ಅವರ ಐವತ್ತೆಂಟು ವರ್ಷದ ಮೊಣಕಾಲುಗಳು ವೇದಿಕೆ ಹತ್ತುವ ಮೊದಲೇ ರಾಜೀನಾಮೆ ಕೊಡಬಹುದಿತ್ತು. ಕಲ್ಯಾಣ ಮಂಟಪದ ಕರೆಂಟು ಹೋಗಬಹುದಿತ್ತು. ಜನರೇಟರಿನಲ್ಲಿ ಡೀಸೆಲ್ ಇಲ್ಲದಿರಬಹುದಿತ್ತು. ಗಾಜಿನ ಬಳೆ ಒಡೆದು ಅಂಗೈಗೆ ಚುಚ್ಚಬಹುದಿತ್ತು, ಸೀರೆಯ ನೆರಿಗೆ ಕಾಲಿಗೆ ತೊಡರಬಹುದಿತ್ತು. ನನ್ನ ಹೆಂಡತಿ ಮಹಾದೇವಿಗೆ ಬಿಪಿ ಏರಬಹುದಿತ್ತು, ನನಗೆ ಇಳಿಯಬಹುದಿತ್ತು. ತೀರ್ಪುಗಾರರು ನಗಬಹುದಿತ್ತು, ಅದಕ್ಕಿಂತ ಕೆಟ್ಟದ್ದೆಂದರೆ, ಅಳಬಹುದಿತ್ತು.

ಇಷ್ಟನ್ನೂ ನಾನು ಹಿಂದಿನ ದಿನವೇ ಕ್ರಮವಾಗಿ ಚಿಂತಿಸಿ ಮುಗಿಸಿದ್ದೆ. ಉಳಿದವರು ಮಾಡಿದ ಕೆಲಸಕ್ಕೆ ದಣಿದರೆ ನಾನು ಆಗದ ಅನಾಹುತಗಳಿಗೆ ದಣಿಯುವವನು. ಐವತ್ತೆರಡರ ಹರೆಯದಲ್ಲಿ ನನ್ನ ಬೆನ್ನು ಬಾಗಿರುವುದು ಹೊತ್ತ ಭಾರದಿಂದಲ್ಲ, ಹೊರಬೇಕಾದೀತೆಂದು ಹೆದರಿದ ಭಾರದಿಂದ. ಓದುಗ ಮಿತ್ರರೇ, ಮೇಲಿನವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರ ಸಣ್ಣದು. ಅಲ್ಲಿಗೆ ತಲುಪಲು ಕೊಂಚ ಸುತ್ತು ಹಾಕಬೇಕು. ವಿಷಯವೇ ಸುತ್ತುವ ಆಟಕ್ಕೆ ಸಂಬಂಧಿಸಿದ್ದಾದ್ದರಿಂದ ನೀವು ಬೇಸರಿಸಲಾರಿರೆಂದು ನಂಬಿದ್ದೇನೆ.

ನಮ್ಮ ಮನೆಯಲ್ಲಿ ಶನಿವಾರ ಸಂಜೆ ಟಿವಿಯಲ್ಲಿ ನೃತ್ಯಸ್ಪರ್ಧೆ ನಡೆಯುತ್ತದೆ, ಟಿವಿಯೆದುರು ನನ್ನ ನಿದ್ರೆ ನಡೆಯುತ್ತದೆ. ವಾರವಿಡೀ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಬಂದ ಉಪನ್ಯಾಸಕನಿಗೆ ಆ ನಿದ್ರೆ ಹಕ್ಕಿನದು. ಎಚ್ಚರ-ನಿದ್ದೆಗಳ ಸಂಧಿಕಾಲದಲ್ಲಿ ನಾನು ಕಂಡ ಜಗತ್ತು ಮಾತ್ರ ವಿಚಿತ್ರವಾದದ್ದು. ಒಂದು ವಾರ ಪಂಜಾಬು ಬರುತ್ತದೆ: ಹಿಂದಿನ ಪರದೆಯ ಮೇಲೆ ಗೋಧಿ ಹೊಲ, ಮುಂದೆ ಬಣ್ಣದ ಪಗಡಿ. ಮರುವಾರ ಆಫ್ರಿಕಾ, ಅಷ್ಟು ದೊಡ್ಡ ಖಂಡ, ಅಷ್ಟೊಂದು ದೇಶ, ಲೆಕ್ಕಕ್ಕೆ ಸಿಗದಷ್ಟು ಭಾಷೆ, ಎಲ್ಲ ಸೇರಿ ಚಿರತೆ ಚುಕ್ಕಿಯ ಒಂದು ಬಟ್ಟೆ ಮತ್ತು ಕೆನ್ನೆಗೆ ಮೂರು ಬಿಳಿ ಗೆರೆ. ಅರಬರ ನಾಡಿಗೆ ಥರ್ಮಾಕೋಲಿನ ಒಂಟೆ, ಚೀನಾಕ್ಕೆ ಬೀಸಣಿಗೆ. ಕುಣಿಯುವ ಮಕ್ಕಳು ಮಾತ್ರ ಅವರೇ, ಹೊಗೆಯೂ ಅದೇ, ಒಬ್ಬಳನ್ನು ಆಕಾಶಕ್ಕೆ ಎಸೆದು ಹಿಡಿಯುವ ಪಟ್ಟೂ ಅದೇ. ಕೊನೆಗೆ ಎಲ್ಲರೂ ಎದುರಿಗೆ ತಿರುಗಿ, ಏದುಸಿರು ಬಿಡುತ್ತ, ಕೈಚಾಚಿ ನಿಲ್ಲುತ್ತಾರೆ. ಆಗ ತೀರ್ಪುಗಾರರು ಕಣ್ಣೊರೆಸಿಕೊಂಡು, ಆ ಸಂಸ್ಕೃತಿಯ ಆತ್ಮವನ್ನೇ ತಂದು ನಿಲ್ಲಿಸಿದಿರಿ ಎನ್ನುತ್ತಾರೆ. ಆ ಆತ್ಮವನ್ನು ಅವರು ಹಿಂದೆ ಎಲ್ಲಿ ಭೇಟಿಯಾಗಿದ್ದರೋ ನಾನರಿಯೆ.

ಹಾಗೆಂದು ಅವರನ್ನು ಹಳಿಯುವ ಯೋಗ್ಯತೆ ನನಗಿದೆಯೆಂದು ತಿಳಿಯಬೇಡಿ. 'ಜನಪದ ಕುಣಿತಗಳ ಕುರಿತು ಟಿಪ್ಪಣಿ ಬರೆಯಿರಿ' ಎಂದು ನಾಲ್ಕು ಅಂಕಕ್ಕೆ ಪ್ರಶ್ನೆ ತೆಗೆಯುತ್ತ ಬಂದವನು ನಾನು. ಐದು ಕುಣಿತಗಳ ಹೆಸರು ಬರೆದು ಕೆಳಗೆ ಗೆರೆ ಎಳೆದವರಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ. ಟಿವಿಯವರು ಒಂದೊಂದಕ್ಕೆ ಎರಡೂವರೆ ನಿಮಿಷವಾದರೂ ಕೊಡುತ್ತಾರೆ; ಅವರದು ನನಗಿಂತ ಉದಾರ ಮೌಲ್ಯಮಾಪನ.

ಈ ನಿದ್ರೆಗೆ ಭಂಗ ಬಂದದ್ದು ಫುಗಡಿಯಿಂದ. ನಮ್ಮ ಕಡೆ ಪಂಚಮಿ ಹಬ್ಬದಲ್ಲಿ ಹೆಣ್ಣುಮಕ್ಕಳು ಆಡುವ ಆಟ ಅದು. ಇಬ್ಬರು ಎದುರುಬದುರಾಗಿ, ಪಾದಕ್ಕೆ ಪಾದ ತಾಗಿಸಿ ನಿಂತು, ಕೈಗಳನ್ನು ಅಡ್ಡಡ್ಡ ಹೆಣೆದು ಹಿಡಿದು, ಹಿಂದಕ್ಕೆ ಬಾಗಿ, ಬಾಯಲ್ಲಿ ಫೂ ಫೂ ಎನ್ನುತ್ತ ಗರಗರ ತಿರುಗುವುದು. ಅಷ್ಟೇ. ಕಮಲಾಪುರದಲ್ಲಿ ಶರಣಮ್ಮ-ಮಹಾದೇವಿ ಅಕ್ಕತಂಗಿಯರ ಜೋಡಿಯೆಂದರೆ ಒಂದು ಕಾಲಕ್ಕೆ ಸುತ್ತ ನಿಂತವರು ಜಾಗ ಬಿಟ್ಟು ಸರಿಯುತ್ತಿದ್ದರಂತೆ. ಕಳೆದ ಪಂಚಮಿಗೆ ಶರಣಮ್ಮನವರು ಮೊಮ್ಮಗಳು ಐಶುವಿಗೆ, ಹನ್ನೊಂದರ ಹುಡುಗಿಗೆ, ಓಣಿಯವರೆದುರು ಕೈ ಚಾಚಿದಾಗ ಅವಳು ತನ್ನ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡುಬಿಟ್ಟಳು.

"ಆಯಿ, ಇದು ಡ್ಯಾನ್ಸ್ ಅಲ್ಲ. ಟಿವ್ಯಾಗ ಬರಂಗಿಲ್ಲ. ನಂಗ ನಾಚಿಕಿ ಬರ್ತದ."

ಚಾಚಿದ ಕೈಗಳನ್ನು ಶರಣಮ್ಮನವರು ಏನು ಮಾಡಿದರೆಂದು ನಾನು ನೋಡಿದ್ದೇನೆ. ಸೆರಗು ಸರಿಮಾಡಿಕೊಳ್ಳುವವರಂತೆ ಮೆಲ್ಲಗೆ ಹಿಂದೆ ತೆಗೆದುಕೊಂಡರು. ಸೆರಗು ಮೊದಲೇ ಸರಿಯಾಗಿತ್ತು.

ಅದಾದ ಕೆಲ ತಿಂಗಳಿಗೆ ಒಂದು ವಾಹಿನಿಯವರು 'ನಾನಾ ಸಂಸ್ಕೃತಿಗಳ ನೃತ್ಯ'ವೆಂಬ ಹೊಸ ಸರಣಿಗೆ ಕಲಬುರಗಿಯಲ್ಲಿ ಆಯ್ಕೆ ನಡೆಸುವುದಾಗಿಯೂ, ವಯಸ್ಸಿನ ಮಿತಿ ಇಲ್ಲವೆಂದೂ ಪ್ರಕಟಿಸಿದರು. ಶರಣಮ್ಮನವರ ಫೋನು ತಂಗಿಗೆ ಬಂತು. "ಹೆಸರು ಬರಸು ಮಾದೇವಿ. ಟಿವ್ಯಾಗ ಬಂದ ಮ್ಯಾಲ ನೋಡೂಣು, ಈಕಿ ಹ್ಯಾಂಗ ಕೈ ಹಿಡಿಯಂಗಿಲ್ಲ ಅಂತಾಳ." ಮಹಾದೇವಿ ಒಂದು ಮಾತೂ ಎದುರಾಡಲಿಲ್ಲ. ಎದುರಾಡಿದ್ದು ನಾನು: ವಯಸ್ಸು, ಮೊಣಕಾಲು, ಮರ್ಯಾದೆ, ಬಸ್ಸು. "ನಿಮಗ ತಿರಗು ಅಂದೀನೇನ್ರಿ?" ಎಂದಳು ಹೆಂಡತಿ. "ಸುಮ್ನ ಕುಂತು ನೋಡ್ರಿ. ಅಷ್ಟರೆ ಆಗ್ತದಿಲ್ಲ?"

ಅರ್ಜಿ ತುಂಬುವುದು ನನ್ನ ಪಾಲಿಗೆ ಬಂತು. 'ನೃತ್ಯಪ್ರಕಾರ' ಎಂಬಲ್ಲಿ ಲೇಖನಿ ನಿಂತಿತು. ಫೋನಿನಲ್ಲಿ ಕೇಳಿದರೆ ಶರಣಮ್ಮನವರು, "ಪ್ರಕಾರ ಎಲ್ಲಿಂದು ಮಾಸ್ತರ್ರ, ಅದು ಆಟ. ಫುಗಡಿ ಕುಣಿತಾರ ಅಂತ ಯಾರರೆ ಅಂತಾರೇನು? ಆಡ್ತಾರ" ಎಂದರು. ಮೂವತ್ತು ವರ್ಷದ ಕನ್ನಡ ಪಾಠದಲ್ಲಿ ನನಗೆ ಹೊಳೆಯದ ವ್ಯತ್ಯಾಸ. ಆಡುವುದು ಜೊತೆಯವರಿಗಾಗಿ, ಕುಣಿಯುವುದು ನೋಡುವವರಿಗಾಗಿ ಇದ್ದೀತೇ ಎಂದು ಯೋಚಿಸುತ್ತಲೇ 'ಜಾನಪದ' ಎಂದು ಬರೆದೆ. ನನಗೆ ತಿಳಿಯದ್ದಕ್ಕೆಲ್ಲ ನಾನು ಇಡುವ ಹೆಸರು ಅದು.

ಆಯ್ಕೆಯ ದಿನ ಬೆಳಿಗ್ಗೆ ಮಂಟಪದ ಊಟದ ಹಾಲಿನಲ್ಲಿ ತಾಲೀಮು. ತಾಲೀಮು ಮಾಡಿಸಲು ಬೆಂಗಳೂರಿನಿಂದ ಬಂದಿದ್ದ ತರುಣ ನೃತ್ಯ ನಿರ್ದೇಶಕ ನಯವಂತ, ನನ್ನಂತೆಯೇ ನಿದ್ದೆಗೆಟ್ಟವನು. ಬೆಳಗಿನಿಂದ ಮೂರು ಪಂಜಾಬು, ಎರಡು ಆಫ್ರಿಕಾ ತಿದ್ದಿ ಸುಸ್ತಾಗಿದ್ದ. ನಮ್ಮವರ ತಲೆಯ ಮೇಲೆ ಒಂದೊಂದು ರೊಟ್ಟಿ ಬುಟ್ಟಿ ಇದ್ದರೆ ಉತ್ತರ ಕರ್ನಾಟಕವೆಂದು ಜನಕ್ಕೆ ಬೇಗ ತಿಳಿಯುತ್ತದೆಂದು ಸೂಚಿಸಿದ.

"ರೊಟ್ಟಿ ಹೊತ್ತು ಫುಗಡಿ ಆಡಿದ್ರ ಅವು ಮಹಾಗಾಂವ ತನಕ ಹಾರಿಹೋಗಿ ಬೀಳ್ತಾವೋ ತಮ್ಮಾ," ಎಂದರು ಶರಣಮ್ಮನವರು. "ಅಲ್ಲಿ ಮಂದಿ ಆರಿಸಿಕೊಂಡು ತಿಂತಾರ, ನಿನಗೊಂದು ಶರಣು ಅಂತಾರ."

ಅವನು ನಕ್ಕು ಬುಟ್ಟಿ ಬಿಟ್ಟ. ಆದರೆ ಇನ್ನೊಂದನ್ನು ಬಿಡಲಿಲ್ಲ. "ಅಮ್ಮಾ, ಫ್ರಂಟ್ ಬರ್ತಾ ಇಲ್ಲ. ನೀವಿಬ್ಬರೂ ಒಬ್ಬರನ್ನೊಬ್ಬರೇ ನೋಡ್ತಿದೀರ. ಕ್ಯಾಮೆರಾಗೆ ಬರೀ ಬೆನ್ನು, ಬೆನ್ನು. ಸುತ್ತಿ ಬಂದಾಗಲೆಲ್ಲ ಒಂದು ಸಲ ಆಚೆ ನೋಡಿ ಸ್ಮೈಲ್ ಕೊಡಿ, ಸಾಕು."

"ಬುಗುರಿಗಿ ಮುಂದಿಂದು ಹಿಂದಿಂದು ಅಂತ ಇರ್ತದೇನೋ?" ಶರಣಮ್ಮನವರು ತಂಗಿಯ ಕೈ ಬಿಡದೆಯೇ ಹೇಳಿದರು. "ಈಕಿ ಮಾರಿ ನಾ ನೋಡಬೇಕು, ನನ್ನ ಮಾರಿ ಈಕಿ ನೋಡಬೇಕು. ಇಡೀ ದುನಿಯಾ ತಿರಗ್ತಿರ್ತದ, ಅದೊಂದು ಮಾರಿ ಮಾತ್ರ ನಿಂತಿರ್ತದ. ಆಕಡಿ ನೋಡಿದಿ ಅಂದ್ರ ಚಕ್ಕರ್ ಬಂದು ಬೀಳೋದೇ."

ಹುಡುಗ ತಲೆ ಕೆರೆದುಕೊಂಡ. ನನಗಾದರೋ, ಶನಿವಾರಗಳ ನಿದ್ದೆಗಣ್ಣಿಗೆ ಕಂಡೂ ಕಾಣದಿದ್ದದ್ದು ಈಗ ಸ್ಪಷ್ಟವಾಯಿತು: ಜಗತ್ತಿನಲ್ಲಿ ಬೆಂಕಿಯ ಸುತ್ತ, ಮರದ ಸುತ್ತ, ರಾಶಿಯ ಸುತ್ತ, ಪರಸ್ಪರರ ಸುತ್ತ ಇದ್ದ ಕುಣಿತಗಳನ್ನೆಲ್ಲ ಬಿಚ್ಚಿ, ಸಾಲಾಗಿ ನಿಲ್ಲಿಸಿ, ಒಂದೇ ದಿಕ್ಕಿಗೆ ಅಭಿಮುಖವಾಗಿಸಿದ್ದಾರೆ, ಅದರಿಂದಾಗಿ ಅವೆಲ್ಲ ತಮ್ಮವರಿಗೆ ವಿಮುಖವಾಗಿವೆ. ಬಟ್ಟೆ ತಪ್ಪಿದ್ದರೆ ಬದಲಿಸಬಹುದು, ಒಂಟೆ ತಪ್ಪಿದ್ದರೆ ಕತ್ತೆ ತರಬಹುದು. ಮುಖವೇ ತಿರುಗಿದರೆ ಮಾಡುವುದೇನು? ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಬೇರೆ ಕಡೆಯವರು ಆ ಶಬ್ದಕ್ಕೆ ಬೆಚ್ಚುತ್ತಾರೆ. ನಾನೂ ಆ ದಿನ ಬೆಚ್ಚಿದೆ.

ಮಧ್ಯಾಹ್ನ ಅವರ ಸರದಿ ಬಂತು. ನಾನು ಮೊದಲ ಸಾಲಿನಲ್ಲಿದ್ದೆ. ವೃತ್ತಿಯಿಂದ ಪರೀಕ್ಷಕ, ಸ್ವಭಾವದಿಂದ ಕೇಡಿನ ನಿರೀಕ್ಷಕ, ಆ ದಿನದ ಮಟ್ಟಿಗೆ ಪ್ರೇಕ್ಷಕ. ಉಪಸರ್ಗ ಬದಲಾದರೂ ಮೂರರಲ್ಲಿಯೂ ಇರುವುದು ಪಿಳಿಪಿಳಿ ನೋಡುವುದೊಂದೇ. ಅಕ್ಕತಂಗಿಯರು ಕೈ ಹೆಣೆದರು. ಮೊದಲು ನಿಧಾನ, ಆಮೇಲೆ ಬೇಗ, ಆಮೇಲೆ ಇಬ್ಬರಿದ್ದಾರೆಂಬುದೇ ತಿಳಿಯದಷ್ಟು ಬೇಗ. ಹಸಿರು ಸೀರೆ, ಕೆಂಪು ಸೀರೆ ಕೂಡಿ ಒಂದೇ ಉಂಗುರವಾಯಿತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ನನ್ನೊಡನೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಗಸು ಇಷ್ಟು ವೇಗವಾಗಿ ಇರಬಲ್ಲಳೆಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ಮಹಾದೇವಿಯ ಮುಖ ಒಂದು ಕ್ಷಣ ಈಚೆ ತಿರುಗಿತು. ಅಷ್ಟೇ. ಬಲಗೈ ಜಾರಿತು, ಉಂಗುರ ಬಿಚ್ಚಿತು, ಅವಳು ನಾಲ್ಕು ಹೆಜ್ಜೆ ತೂರಾಡಿ ನಿಂತಳು, ಶರಣಮ್ಮನವರು ವೇದಿಕೆಯ ನಡುವೆ ಕೂತುಬಿಟ್ಟರು. ಯಾರಿಗೂ ಏನೂ ಆಗಲಿಲ್ಲ. ತೀರ್ಪುಗಾರರಲ್ಲೊಬ್ಬರು ಧಾವಿಸಿ ಬಂದು ಕೈಹಿಡಿದು ಎಬ್ಬಿಸಿ, ಈ ವಯಸ್ಸಿನಲ್ಲಿ ಈ ಉತ್ಸಾಹವೇ ದೊಡ್ಡದೆಂದರು. ಹಾಗೆಂದರೆ ಆಯ್ಕೆಯಾಗಿಲ್ಲವೆಂದು ಅರ್ಥ. ಅಂಕ ಕೊಡಲಾಗದವರಿಗೆ 'ಬರವಣಿಗೆ ದುಂಡಾಗಿದೆ' ಎಂದು ಷರಾ ಬರೆಯುವ ನನಗೆ ಆ ಭಾಷೆ ತಿಳಿಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಶರಣಮ್ಮನವರು ನಮಗೆಂದು ಎರಡು ಡಜನ್ ಬಾಳೆಹಣ್ಣು ತಂದಿದ್ದ ಖಾಲಿ ಚೀಲವನ್ನು ಮಡಚುತ್ತ, "ಐಶುಗ ಏನ್ ಹೇಳ್ಲಿ?" ಎಂದರು. ನಾನು ಕಮಲಾಪುರದ ಬಸ್ಸಿನ ಬೋರ್ಡು ಹುಡುಕತೊಡಗಿದೆ.

ಮುಂದಿನ ಮೂರು ವಾರ ನಾನು ಮಾತ್ರ ಬಹಳ ಹೇಳಿದೆ. ಸಹೋದ್ಯೋಗಿಗಳಿಗೆ, ಕ್ಷೌರಿಕನಿಗೆ, ಹಾಲಿನವನಿಗೆ. ಕ್ಯಾಮೆರಾ ಎಂಬ ಒಕ್ಕಣ್ಣ ಯಕ್ಷನು ಸಂಸ್ಕೃತಿಗಳ ಕತ್ತು ತಿರುಚುತ್ತಿರುವ ಬಗ್ಗೆ, ಆ ಕಣ್ಣಿನ ಒತ್ತಾಯಕ್ಕೆ ಒಬ್ಬ ಗೃಹಿಣಿ ಒಂದು ಕ್ಷಣ ಸೋತು ಬಿದ್ದ ಬಗ್ಗೆ. ಮಹಾದೇವಿ ಇದನ್ನೆಲ್ಲ ಕೇಳಿಸಿಕೊಂಡು ಕೊತ್ತಂಬರಿಯ ಕಡ್ಡಿ ತೆಗೆದು ಸೋಸುತ್ತಿದ್ದಳು.

ಸಂಚಿಕೆ ಪ್ರಸಾರವಾದ ಭಾನುವಾರ ಬೆಳಿಗ್ಗೆ ನಾವು ಕಮಲಾಪುರದಲ್ಲಿದ್ದೆವು. ಗೆದ್ದವರ ಕುಣಿತಗಳ ನಡುವೆ, ನಗಿಸುವುದಕ್ಕೆಂದು ಬಿಟ್ಟಿದ್ದ ಜಾಗದಲ್ಲಿ, ನಮ್ಮವರು ಬಂದರು: ಸುತ್ತಿದ್ದು ಒಂದಿಷ್ಟು, ಬಿದ್ದದ್ದನ್ನೇ ತೋರಿಸಿದ್ದು ಮೂರು ಸಲ. ಎರಡು ಸಲ ನಿಧಾನಗತಿಯಲ್ಲಿ, 'ಟುಂಯ್' ಎಂಬ ಸದ್ದಿನೊಡನೆ. ಶರಣಮ್ಮನವರು ಟಿವಿಯನ್ನಲ್ಲ, ಮೊಮ್ಮಗಳನ್ನು ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ಐಶು ನಗಲಿಲ್ಲ. ಹುಬ್ಬು ಗಂಟಿಕ್ಕಿ ಪರದೆಯ ಹತ್ತಿರ ಹೋದಳು. "ಸಣ್ಣಾಯಿ, ಛಂದಾಗಿ ತಿರಗಾಕತ್ತಿದ್ದಿ. ಆಯಿ ಮಾರಿ ಬಿಟ್ಟು ಆಕಡಿ ಯಾಕ ನೋಡ್ದಿ?" ಎಂದು ಮಹಾದೇವಿಯನ್ನು ಕೇಳಿದಳು. ಅಜ್ಜಿ ಎಷ್ಟೋ ಸಲ ಹೇಳಿ ಸೋತ ನಿಯಮ ಅವಳ ಬಾಯಿಂದ ಅಷ್ಟು ಸರಾಗವಾಗಿ ಬಂದದ್ದಕ್ಕೆ ಶರಣಮ್ಮನವರು ಕೂತಲ್ಲೇ ನೆಟ್ಟಗಾದರು. ನಾನು ಕ್ಯಾಮೆರಾದ ವಿಷಯ ತೆಗೆಯಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮೂರನೆಯ ಸಲ ಬೀಳುವುದು ಬಂತು, ಎಲ್ಲಕ್ಕಿಂತ ನಿಧಾನವಾಗಿ.

"ಇದ್ಯಾರ ತಲಿ?" ಎಂದಳು ಐಶು.

ಪರದೆಯ ಕೆಳ ಅಂಚಿನಲ್ಲಿ, ಅಕ್ಕತಂಗಿಯರು ಇನ್ನೂ ಒಂದೇ ಉಂಗುರವಾಗಿ ತಿರುಗುತ್ತಿರುವಾಗಲೇ, ಒಂದು ಬೋಳು ತಲೆಯ ಹಿಂಭಾಗ ಚಂದ್ರೋದಯದಂತೆ ಮೆಲ್ಲಗೆ ಮೇಲೇರುತ್ತಿತ್ತು. ಅದರ ಎರಡೂ ಪಕ್ಕ ಗಾಬರಿಯ ಎರಡು ಕೈಗಳು. ಅದು ಪೂರ್ತಿ ಎದ್ದ ಮೇಲೆಯೇ ಮಹಾದೇವಿಯ ಮುಖ ಈಚೆ ತಿರುಗಿದ್ದು.

"ನಿಮ್ಮಜ್ಜಂದು," ಎಂದಳು ಮಹಾದೇವಿ. ಮೂರು ವಾರ ಸೋಸಿದ ಮಾತು, ಒಂದು ಕಡ್ಡಿಯೂ ಉಳಿದಿರಲಿಲ್ಲ. "ಫಟ್ಟನ ಎದ್ದು ನಿಂತ್ರು. ಏನಾತೋ ಏನೋ ಇವರಿಗಿ ಅಂತ ನೋಡ್ದೆ. ಕ್ಯಾಮೆರಾ ಎಲ್ಲಿತ್ತೋ ನಂಗೇನ್ ಗೊತ್ತು?"

ಯಾರೂ ನನ್ನನ್ನು ಬೈಯಲಿಲ್ಲ. ಶರಣಮ್ಮನವರು, "ಹೋಗ್ಲಿ ಬಿಡು, ಮಾಸ್ತರ್ರೂ ಟಿವ್ಯಾಗ ಬಂದ್ರಲ್ಲ" ಎಂದು ನಕ್ಕು ಕಣ್ಣೊರೆಸಿಕೊಂಡರು. ಐಶು ಟಿವಿ ಆರಿಸಿ, ಚಹಾದ ಕಪ್ಪುಗಳನ್ನು ಕಾಲಿನಿಂದಲೇ ಬದಿಗೆ ಸರಿಸಿ, ಅಜ್ಜಿಯೆದುರು ಬಂದು ನಿಂತಳು. "ಮಾರಿ ನೋಡಿದ್ರ ತಲಿ ತಿರಗಂಗಿಲ್ಲ ಅನ್ನೋದು ಖರೇ ಏನು? ನೋಡೇ ಬಿಡ್ತೀನಿ. ಹಿಡಿ" ಎಂದು ಕೈ ಮುಂದೆ ಮಾಡಿದಳು, ಅಡ್ಡ ಹೆಣೆಯುವುದು ತಿಳಿಯದೆ, ನೇರವಾಗಿ. ಶರಣಮ್ಮನವರು ಅವನ್ನು ಹೆಣೆದು ಹಿಡಿದರು. ಪಾದಕ್ಕೆ ಪಾದ ತಾಗಿತು. ಆ ಪುಟ್ಟ ಪಡಸಾಲೆಯಲ್ಲಿ ಕಂಬವಿತ್ತು, ಕಬ್ಬಿಣದ ಮಂಚದ ಮೂಲೆಯಿತ್ತು, ಸರಿಸಿದ ಕಪ್ಪುಗಳು ಸಾಕಷ್ಟು ದೂರ ಸರಿದಿರಲಿಲ್ಲ, ಮತ್ತು ಆ ಮೊಣಕಾಲುಗಳು. ಇಬ್ಬರೂ ಹಿಂದಕ್ಕೆ ಬಾಗಿದರು.

"ಕೂಡ್ರಿ," ಎಂದಳು ಮಹಾದೇವಿ, ನನ್ನ ಕಡೆ ನೋಡದೆಯೇ.

ಕೂತೆ.