ಬಾದಾಮಿಯ ಕೆಳಗಿನ ಸಾಲುಗಳು

ತ್ರಿವೇಣಿಗೆ ಕಂಪ್ಯೂಟರ್ ಕೆಲಸ ಬರುತ್ತದೆ ಎಂದು ಊರಿಗೆ ಗೊತ್ತಾದ ದಿನವೇ ಅವಳ ನೆಮ್ಮದಿ ಹಾಳಾಯಿತು. ಶ್ರೀನಿವಾಸಪುರದ ಮಾವು ಬೆಳೆಗಾರರ ಸಂಘದಲ್ಲಿ ವೆಬ್‌ಸೈಟ್ ನೋಡಿಕೊಳ್ಳುವುದು ಅವಳ ಕೆಲಸ. ಆದರೆ ಪ್ರಿಂಟರ್ ಕೆಟ್ಟರೂ ತ್ರಿವೇಣಿ, ಕಾರ್ಯದರ್ಶಿ ಕದಿರೇಶನ ಫೋನಿನಲ್ಲಿ ಮಗಳ ಮದುವೆ ಫೋಟೊ ಕಾಣದಿದ್ದರೂ ತ್ರಿವೇಣಿ. ಮದುವೆಗೆ ಮುಂಚೆ ಮಾಲೂರಿನಿಂದ ದಿನಾ ಪಟ್ಟಣಕ್ಕೆ ರೈಲಿನಲ್ಲಿ ನಿಂತು ಹೋಗಿ ಕಲಿತ ವಿದ್ಯೆ ಅದು. ಇಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ, ಕಾಟ ಮಾತ್ರ ಮೂಟೆಗಟ್ಟಲೆ.

ಇವತ್ತಿನ ಕಾಟ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿತ್ತು. ರಾಯಲ್ಪಾಡು ಕಡೆಯ ಶ್ಯಾಮಲಮ್ಮ.

"ಏಮ್ಮಾ, ನಮ್ಮ ತೋತಾಪುರಿ ಎಲ್ಲಿ ಹೋಯ್ತು? ಮೊಬೈಲ್‌ನಲ್ಲಿ ಎರಡೂ ಬರ್ದು ಕಳ್ಸಿದ್ವಿ. ನಿಮ್ಮ ಪಟ್ಟೀಲಿ ಬಾದಾಮಿ ಮಾವು ಒಂದೇ ಐತೆ. ಬೇಕಂತ್ಲೇ ತೆಗ್ದಿದ್ದೀರಾ?"

ಜ್ಯೂಸ್ ಫ್ಯಾಕ್ಟರಿಯ ಲಾರಿಗಳು ನಾಳೆ ಹೊರಡುತ್ತವೆ. ಸೈಟಿನ ಪಟ್ಟಿಯಲ್ಲಿ ತೋತಾಪುರಿ ಇದ್ದ ತೋಪಿಗೆ ಮಾತ್ರ ಲಾರಿ. ಕೈಯಲ್ಲಿ ಬರೆದ ಕಾಗದವನ್ನು ಫ್ಯಾಕ್ಟರಿಯವರು ಮುಟ್ಟುವುದೇ ಇಲ್ಲ. ಶ್ಯಾಮಲಮ್ಮನ ತೋಪಿನಲ್ಲಿ ಮೂಲೆಯ ನಾಲ್ಕು ಮರ ಬಿಟ್ಟರೆ ಉಳಿದದ್ದೆಲ್ಲ ತೋತಾಪುರಿ. ಕಾಯಿ ಬಲಿತು, ಗಾಳಿ ಬೀಸಿದರೆ ಉದುರುತ್ತಿತ್ತು. ಹೋದ ಸಭೆಯಲ್ಲಿ ಅವಳ ಗಂಡ ಶ್ರೀರಾಮಪ್ಪ ತೂಕದ ವಿಷಯಕ್ಕೆ ಕದಿರೇಶನ ಜೊತೆ ಜಗಳವಾಡಿದ್ದ. ಆ ಹಗೆಗೇ ತಮ್ಮನ್ನು ಕೈಬಿಟ್ಟಿದ್ದಾರೆ ಎಂದು ಗಂಡಹೆಂಡತಿ ಇಬ್ಬರೂ ನಂಬಿದ್ದರು.

"ನಾನ್ಯಾಕಮ್ಮ ತೆಗೀಲಿ? ಎಲ್ಲಾ ಕಂಪ್ಯೂಟರ್‌ದು," ಎಂದು ಕದಿರೇಶ್ ಕೈತೊಳೆದುಕೊಂಡ. "ನಾನೇನೋ ಈ ವರ್ಷ ಎಲ್ಲರ ತೋಪಲ್ಲೂ ಬಾದಾಮಿನೇ ಬಂದೈತೆ ಅಂದ್ಕೊಂಡಿದ್ದೆ."

ಅಲ್ಲೇ ಇತ್ತು ನೋಡಿ ಎಡವಟ್ಟು. ಈ ಸೀಮೆಯಲ್ಲಿ ಬಾದಾಮಿ ಎರಡೇ ಮರ ಇದ್ದರೂ ಮೊದಲು ಹೇಳುವುದು ಅದನ್ನೇ. ದೇವರಿಗೆ ಹೋಗುವ ಹಣ್ಣು ಅದು. ಫ್ಯಾಕ್ಟರಿಗೆ ಹೋಗುವ ತೋತಾಪುರಿಯನ್ನು ಯಾರೂ ಮೊದಲ ಸಾಲಿಗೆ ಬರೆಯುವುದಿಲ್ಲ. "ಇನ್ನೊಂದು ತಳಿ ಸೇರಿಸಿ" ಎಂಬ ಗುಂಡಿ ಒತ್ತಿ ಕೆಳಗೆ ಬರೆಯುತ್ತಾರೆ. ಹಾಗೆ ಸೇರಿಸಿದ ಸಾಲುಗಳೆಲ್ಲ, ಒಂದೂ ಬಿಡದೆ, ಮಾಯವಾಗಿದ್ದವು.

ತ್ರಿವೇಣಿ ಸೈಟಿನ ಒಳಗೆ ಇಣುಕಿ ತಲೆ ಚಚ್ಚಿಕೊಂಡಳು. ಪುಟ ತಯಾರಾಗುವುದು ಸರ್ವರಿನಲ್ಲಿ. ಅಲ್ಲಿಂದ ರೈತನಿಗೆ ಕಳಿಸುವಾಗಲೇ ಅದು "ಸಾಲು ಒಂದು" ಎಂದು ಪುಟದೊಳಗೆ ಗುಟ್ಟಾಗಿ ಗುರುತು ಹಾಕಿಬಿಡುತ್ತಿತ್ತು. ಆಮೇಲೆ ರೈತನ ಮೊಬೈಲಿನಲ್ಲಿ ಗುಂಡಿಯ ಹಿಂದಿನ ಸ್ಕ್ರಿಪ್ಟ್ ಎಷ್ಟು ಸಾಲು ಹುಟ್ಟಿಸಿದರೂ ಗುರುತು ಒಂದರಲ್ಲೇ ನಿಂತಿರುತ್ತಿತ್ತು. ತುಂಬಿದ ಪುಟ ವಾಪಸು ಬಂದಾಗ ಸರ್ವರ್ ಒಂದು ಸಾಲು ಓದಿ ಮಿಕ್ಕಿದ್ದನ್ನು ಎಸೆಯುತ್ತಿತ್ತು. ಅಡುಗೆಯವನಿಗೆ ಎಲೆ ಲೆಕ್ಕ ಹೇಳಿಯಾದ ಮೇಲೆ ಪಂಕ್ತಿಗೆ ಬಂದು ಕೂತವರ ಪಾಡು. ಈ ಸೈಟ್ ಮಾಡಿಕೊಟ್ಟವನು ಕೋಲಾರದ ಮುರಳಿಮೋಹನ್. ಪಟ್ಟಿಗೆ ನೇರವಾಗಿ ಬರೆಯಲು ಬೇಕಾದ ಡೇಟಾಬೇಸಿನ ಪಾಸ್‌ವರ್ಡ್ ಅವನ ಹತ್ತಿರವೇ ಇದೆ, ಫೋನ್ ಮಾತ್ರ ಎತ್ತುವುದಿಲ್ಲ. ಒಮ್ಮೆ ಸೇರಿದ ಸಾಲನ್ನು ತಿದ್ದುವ ದಾರಿಯನ್ನೂ, ಹೊಸದಾಗಿ ಇನ್ನೊಂದು ಪುಟ ತುಂಬುವ ದಾರಿಯನ್ನೂ ಆ ಪುಣ್ಯಾತ್ಮ ಇಟ್ಟಿರಲಿಲ್ಲ. ಅವನ ಮನೆ ಹಾಳಾಗ ಎಂದು ಮನಸ್ಸಿನಲ್ಲೇ ಬೈದುಕೊಂಡು ತ್ರಿವೇಣಿ ಕೆಲಸಕ್ಕೆ ಕೂತಳು.

ಸಾಲಿನ ಲೆಕ್ಕ ಸರಿಮಾಡಿದರೆ ಹೊಸ ಸಾಲಿಗೂ ಹಳೆಯ ಸಾಲಿಗೂ ಒಂದೇ ಹೆಸರಿಟ್ಟಿದ್ದು ಕಂಡಿತು. ಒಂದು ಇನ್ನೊಂದನ್ನು ನುಂಗುತ್ತಿತ್ತು. ಅದನ್ನು ಬಿಡಿಸಿದರೆ ಹೊಸ ಸಾಲಿನಲ್ಲಿ ತಳಿಗಳ ಹೆಸರೇ ಬರಲಿಲ್ಲ. ಅವನ್ನು ತುಂಬುವುದು ಸರ್ವರ್, ಅದು ಮೊದಲ ಸಾಲಿಗೆ ತುಂಬಿ ಯಾವಾಗಲೋ ಕೈಬಿಟ್ಟಿತ್ತು.

"ಆಯ್ತೇನಮ್ಮಾ?" ಬೆಂಚಿನಿಂದ ಮತ್ತೆ ದನಿ.

"ಇನ್ನೂ ಇಲ್ಲಮ್ಮ."

"ಒಂದು ಸಾಲು ಸೇರ್ಸೋಕೆ ಇಷ್ಟೊತ್ತಾ? ಅಷ್ಟರಲ್ಲಿ ನಾನು ಒಂದು ಸಾಲು ರಾಗಿ ಪೈರು ನಾಟಿ ಬರ್ತಿದ್ದೆ."

"ಹೋಗಿ ನಾಟ್ಕೊಂಡ್ ಬನ್ನಿ ಮತ್ತೆ," ಎಂದು ತ್ರಿವೇಣಿಯ ಬಾಯಿಂದ ಬಂದೇಬಿಟ್ಟಿತು. ತ್ರಿವೇಣಿಗೆ ನಾಚಿಕೆಯಾಯಿತು, ಟೀ ತರಿಸಿಕೊಟ್ಟಳು.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಎಲ್ಲ ಕೂಡಿಬಂತು. ಶ್ಯಾಮಲಮ್ಮನ ಮೊಬೈಲಿನಿಂದಲೇ ಗುಂಡಿ ಒತ್ತಿಸಿದಳು. ಹೊಸ ಸಾಲು ಬಂತು, ತೋತಾಪುರಿ ಬರೆದರು, ಕಳಿಸಿದರು. ಪಟ್ಟಿಯಲ್ಲಿ ಬಾದಾಮಿಯ ಕೆಳಗೆ ತೋತಾಪುರಿ ಮೂಡಿತು, ಪಕ್ಕದಲ್ಲಿ ನಾಳೆಯ ಲಾರಿ.

"ಯಾರೂ ತೆಗ್ದಿರ್ಲಿಲ್ಲಮ್ಮ. ಸೈಟ್ ಮಾಡ್ದೋನು ಸರಿಯಾಗಿ ಮಾಡಿರ್ಲಿಲ್ಲ, ಅಷ್ಟೆ," ಎಂದಳು ತ್ರಿವೇಣಿ. ಶ್ಯಾಮಲಮ್ಮನ ಮುಖ ಅರಳಿತು. ಅಲ್ಲೇ ಗಂಡನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಏನ್ರೀ, ನಮ್ಮ ತೋತಾಪುರಿ ಬಂತು. ನಾಳೆ ಲಾರಿ ಬರ್ತದಂತೆ."

"ಮಂಡಿಯವನು ಬಂದಿದ್ದ ಕಣೇ," ಎಂದ ಶ್ರೀರಾಮಪ್ಪ. "ಅವನು ಕೇಳಿದ ರೇಟಿಗೆ ಕೊಟ್ಬಿಟ್ಟೆ. ಕಾಯಿ ಕೀಳ್ತಾ ಅವ್ರೆ. ಬೇಡ ಅಂದೋರ ಬಾಗ್ಲು ಎಷ್ಟೊತ್ತು ಕಾಯೋದು?"

ಶ್ಯಾಮಲಮ್ಮನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಚಪ್ಪಲಿ ಮೆಟ್ಟಿದಳು.

"ಆ ಸಾಲು ತೆಗೆದುಬಿಡಮ್ಮ," ಎಂದಳು. "ಲಾರಿ ಪಾಪ ಸುಮ್ನೆ ಯಾಕೆ ಅಷ್ಟು ದೂರ ಬರ್ಬೇಕು."

ಸೇರಿಸಿದ ಸಾಲನ್ನು ತೆಗೆಯುವ ಗುಂಡಿಯೂ ಅಲ್ಲಿ ಇರಲಿಲ್ಲ. ತ್ರಿವೇಣಿ ಕುರ್ಚಿ ಎಳೆದುಕೊಂಡು, ಆ ಗುಂಡಿಯ ಕೋಡ್ ಬರೆಯಲು ಕೂತಳು.